ಗಾಳಿ ತಾಗಬಾರದ ಪೆಟ್ಟಿಗೆ

ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ರಬಾಳೆಗೆ. ಉಸಿರಾಡಲೂ ಜಾಗವಿಲ್ಲದ ಲೋಕಲ್‌ನಿಂದ ಇಳಿದು ನಾನು ಮಾಡುವ ಕೆಲಸ, ಆಮ್ಲಜನಕವೇ ಇರಬಾರದ ಪೆಟ್ಟಿಗೆಗೆ ಸಾಫ್ಟ್‌ವೇರ್ ಬರೆಯುವುದು. ಚಳ್ಳಕೆರೆಯ ಅಪ್ಪನಿಗೆ ಇದನ್ನು ವಿವರಿಸಲು ವರ್ಷಗಟ್ಟಲೆ ಹೆಣಗಾಡಿದ್ದೇನೆ.

ಪ್ರೋಟೀನಿನ ರಚನೆ ತಿಳಿಯುವ ಒಂದು ದಾರಿ, ಅದನ್ನು ಕಲ್ಲುಸಕ್ಕರೆಯಂತೆ ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸುವುದು. ನವಿ ಮುಂಬೈನ ಖಾರ್‌ಘರ್‌ನಲ್ಲಿರುವ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆಕ್ಟ್ರೆಕ್‌ನಲ್ಲಿ ಈ ಕೆಲಸ ನಡೆಯುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂ. ವಿಜಯನ್ ಅವರ ತಂಡ ಶೇಂಗಾ ಬೀಜದ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆಯನ್ನು 1994ರಲ್ಲಿ ಪ್ರಕಟಿಸಿತು. ಲೆಕ್ಟಿನ್‌ಗೆ ಗಾಳಿಯ ಭಯವಿಲ್ಲ. ಆದರೆ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ನೈಟ್ರೊಜಿನೇಸ್, ಆಮ್ಲಜನಕ ತಾಗಿದರೆ ಕೆಟ್ಟೇಹೋಗುತ್ತದೆ. ಅಮೆರಿಕದ ಡಗ್ಲಸ್ ರೀಸ್ ತಂಡ 1992ರಲ್ಲಿ ಅದರ ರಚನೆ ಬಿಡಿಸಿತು.

ಇಂಥವಕ್ಕೆ ಬೇಕಾದದ್ದೇ ಗ್ಲೌ ಬಾಕ್ಸ್. ಒಳಗೆ ಸಾರಜನಕ, ಜೊತೆಗೆ ಒಂದಿಷ್ಟು ಜಲಜನಕ. ನುಸುಳಿದ ಆಮ್ಲಜನಕ ಪಲ್ಲಾಡಿಯಂ ಮೇಲೆ ಜಲಜನಕದೊಡನೆ ಸೇರಿ ನೀರಾಗುತ್ತದೆ. ಸಾಮಾನು ನೇರ ಒಳಗೆ ಹೋಗುವಂತಿಲ್ಲ. ಪಕ್ಕದ ಪುಟ್ಟ ಕೋಣೆಯಲ್ಲಿಟ್ಟು, ಗಾಳಿ ಎಳೆದು, ಸಾರಜನಕ ತುಂಬಿಸುವುದನ್ನು ಕೆಲವು ಸಲ ಮಾಡಬೇಕು. ಪ್ಲಾಸ್ಟಿಕ್ ತಟ್ಟೆಗಳೂ ಆಮ್ಲಜನಕ ಹೀರಿಕೊಂಡಿರುತ್ತವೆ, ಅವನ್ನು ಮುಂಚಿತವಾಗಿಯೇ ಒಳಗಿಡಬೇಕು. ಪೆಟ್ಟಿಗೆಗೆ ಜೋಡಿಸಿದ ರಬ್ಬರ್ ಕೈಗವಸಿನೊಳಗೆ ಕೈ ತೂರಿಸಿ, ಸಾಸಿವೆಗಿಂತ ಚಿಕ್ಕ ಹನಿಗಳನ್ನಿಟ್ಟು ಹರಳಿಗಾಗಿ ಕಾಯಬೇಕು.

ನಾನು ಎಡವಿದ್ದು ಇಲ್ಲೇ. ಆಮ್ಲಜನಕದ ಮಾಪಕ ಸುಮ್ಮಸುಮ್ಮನೆ ಕೂಗದಿರಲೆಂದು ಹತ್ತು ನಿಮಿಷದ ಸರಾಸರಿ ನೋಡುವಂತೆ ಕೋಡ್ ಬರೆದಿದ್ದೆ. ಬೇರೆ ರಾಜ್ಯದ ಒಂದು ಪ್ರಯೋಗಾಲಯದಲ್ಲಿ ಕೈಗವಸಿನ ಬೆರಳತುದಿಗೆ ಸೂಜಿಮೊನೆಯಷ್ಟು ತೂತು ಬಿತ್ತು. ಕೈ ಹಾಕಿ ತೆಗೆದಾಗಲೆಲ್ಲ ಆಮ್ಲಜನಕ ಏರಿ ಇಳಿಯಿತು, ಸರಾಸರಿ ಅದನ್ನು ನುಂಗಿಹಾಕಿತು. ಕಂದು ಹರಳುಗಳು ಬಣ್ಣ ಕಳೆದುಕೊಂಡವು. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಮೂರು ತಿಂಗಳ ಶ್ರಮ ಹೋಯಿತು. ಆಕೆ ಬೈಯಲಿಲ್ಲ. ಮಾಪಕದ ಗ್ರಾಫ್ ಕಳಿಸಿ, "ಸರ್, ಇದನ್ನೊಮ್ಮೆ ನೋಡಿ" ಎಂದಳು, ಅಷ್ಟೇ. ಈಗ ನನ್ನ ಕೋಡ್ ಪ್ರತಿ ಏರಿಕೆಗೂ ಕೂಗುತ್ತದೆ.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಹೊಲದಲ್ಲಿ ಒಂದು ಶೇಂಗಾ ಗಿಡ ಕಿತ್ತು, ಬೇರಿನ ಗಂಟು ಸೀಳಿ ಅಪ್ಪನಿಗೆ ತೋರಿಸಿದೆ. ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನಂಟಿನ ಪ್ರೋಟೀನು ಅದು. ಬ್ಯಾಕ್ಟೀರಿಯಾಕ್ಕೆ ಉಸಿರಿಗೆ ಬೇಕಾದಷ್ಟು ಆಮ್ಲಜನಕ ಕೊಟ್ಟು, ಉಳಿದದ್ದು ನೈಟ್ರೊಜಿನೇಸನ್ನು ಕೆಡಿಸದಂತೆ ಹಿಡಿದಿಡುತ್ತದೆ.

ಅಪ್ಪ ಗಂಟನ್ನು ಹೊರಳಿಸಿ ನೋಡಿ ಕೇಳಿದರು: "ಅಂದ್ರೆ ನಿನ್ನ ಪೆಟ್ಟಿಗೆ ನಮ್ಮ ಹೊಲದಾಗೆ ಮೊದ್ಲಿಂದ್ಲೂ ಐತೆ ಅನ್ನು?"