ಬೆವರು ಆರದ ಊರಿನಲ್ಲಿ

ಮೇ ತಿಂಗಳ ರಜೆಯಲ್ಲಿ ಕಲಬುರಗಿ ಕಡೆಯಿಂದ ಮಂಗಳೂರಿಗೆ ಬಂದವರು ಮೊದಲ ದಿನವೇ ಸೋತುಹೋಗುತ್ತಾರೆ. ತಮ್ಮೂರಿನಲ್ಲಿ 41 ಡಿಗ್ರಿ ಬಿಸಿಲಲ್ಲಿ ಓಡಾಡಿದವರಿಗೆ ಇಲ್ಲಿಯ 33 ಡಿಗ್ರಿ ಯಾವ ಲೆಕ್ಕ? ಆದರೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಹಂಪನಕಟ್ಟೆ ತಲುಪುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ.

ಬೆವರು ಸುರಿದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಸುಮ್ಮನೆ ಕುಳಿತವರ ಮೈ ಆರೇಳು ಗಂಟೆಯಲ್ಲಿ ಹುಟ್ಟಿಸುವ ಶಾಖ ಅದು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಈ ಲಾಭ ಇಲ್ಲ. ಹೋದದ್ದು ನೀರು, ಉಪ್ಪು ಮಾತ್ರ. ಗಾಳಿಯಲ್ಲಿ ಆಗಲೇ ತೇವ ತುಂಬಿರುವ ಕರಾವಳಿಯಲ್ಲಿ ಬಹುಪಾಲು ಬೆವರಿನ ಗತಿ ಇದೇ.

ಇದನ್ನು ಅಳೆಯಲು ಸುಲಭದ ದಾರಿಯೊಂದಿದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ, ನೀರು ಆರಿದಷ್ಟೂ ಪಾದರಸ ಇಳಿಯುತ್ತದೆ. ಶೇ 20 ತೇವಾಂಶವಿರುವ 41 ಡಿಗ್ರಿಯ ಮಧ್ಯಾಹ್ನ ಅದು ಸುಮಾರು 23ಕ್ಕೆ ಇಳಿದೀತು. ಶೇ 70 ತೇವಾಂಶವಿರುವ 33 ಡಿಗ್ರಿಯಲ್ಲಿ 28ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಮೈಗೆ ತಟ್ಟುವುದು ಈ ಒದ್ದೆ ಬಟ್ಟೆಯ ಲೆಕ್ಕ. ಗಾಳಿಯಾಡದ ಜಾಗದಲ್ಲಿ ಈ ಒದ್ದೆ ಅಳತೆ 31 ಡಿಗ್ರಿ ದಾಟಿದರೆ ಮೈಯ ಒಳಗಿನ ಶಾಖವೇ ಏರತೊಡಗುತ್ತದೆ ಎಂದು ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನ್ 1905ರಲ್ಲೇ ಬರೆದಿದ್ದರು. ಹವಾಮಾನ ವರದಿಯಲ್ಲಿ ಈ ಅಂಕಿಯನ್ನೂ ದಿನಾ ಹೇಳಿದರೆ ಪ್ರವಾಸಿಗರಿಗೆ ಉಪಕಾರವಾಗುತ್ತಿತ್ತು.

ಹಾಗಾದರೆ ಏನು ಮಾಡಬೇಕು? ಗಾಳಿ ಹುಡುಕಬೇಕು. ಚರ್ಮಕ್ಕೆ ತಾಗಿಕೊಂಡು ಬೆವರಿನ ಆವಿಯದೇ ಒಂದು ತೆಳು ಪದರ ನಿಂತಿರುತ್ತದೆ. ಗಾಳಿ ಅದನ್ನು ಸರಿಸಿದರೆ ಮತ್ತಷ್ಟು ಬೆವರು ಆರಲು ಜಾಗವಾಗುತ್ತದೆ. ಸಿಟಿ ಬಸ್ಸಿನ ಕಿಟಕಿ ಪಕ್ಕ ಹಾಯಾಗಿ ಕುಳಿತವರಿಗೆ ಬಸ್ಸು ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬೆವರು ಕಿತ್ತುಬರುತ್ತದೆ. ಅದು ಆಗ ಹುಟ್ಟಿದ್ದಲ್ಲ. ಅಲ್ಲಿಯವರೆಗೂ ಬರುತ್ತಲೇ ಇತ್ತು, ಬಂದ ಹಾಗೇ ಆರುತ್ತಿತ್ತು. ಇಲ್ಲಿಯ ಗಾಳಿ ಸಾಮಾನ್ಯವಾಗಿ ನಮ್ಮ ಚರ್ಮಕ್ಕಿಂತ ಒಂದೆರಡು ಡಿಗ್ರಿ ತಣ್ಣಗೇ ಇರುವುದರಿಂದ ಫ್ಯಾನಿನ ಗಾಳಿ ಮೈಯನ್ನು ಕಾಯಿಸುವುದಿಲ್ಲ. ಬಯಲುಸೀಮೆಯಲ್ಲಿ ದೇವರಂತೆ ಕಾಯುವ ಕೂಲರ್ ಮಾತ್ರ ಇಲ್ಲಿ ದಂಡ. ತುಂಬಿದ ಗಾಳಿಗೆ ಇನ್ನಷ್ಟು ನೀರು ತುರುಕುತ್ತದೆ ಅಷ್ಟೆ.

ಕಡಲಗಾಳಿಗೂ ಒಂದು ಹೊತ್ತಿದೆ. ಬಿಸಿಲೇರಿ ನೆಲ ಕಡಲಿಗಿಂತ ಹೆಚ್ಚು ಕಾದ ಮೇಲೆಯೇ ಗಾಳಿ ಪಡುವಣದಿಂದ ಬೀಸತೊಡಗುವುದು. ಬಿಸಿಲು ಏರಿ, ಗಾಳಿ ಇನ್ನೂ ಏಳದ ಬೆಳಗಿನ ಹೊತ್ತು, ಒಂದೆಲೆಯೂ ಅಲುಗದೆ, ಹಲವು ಸಲ ಮಧ್ಯಾಹ್ನಕ್ಕಿಂತ ಹೆಚ್ಚು ಸೆಖೆ. ಹಾಗಾಗಿ ಕದ್ರಿ, ಕುದ್ರೋಳಿ ದೇವಸ್ಥಾನಗಳನ್ನು ಬೇಗನೆ ನೋಡಿ ಮುಗಿಸಿ, ಪಣಂಬೂರು ಕಡಲ ತೀರವನ್ನು ಸಂಜೆಗೆ ಇಟ್ಟುಕೊಳ್ಳುವುದು ಲೇಸು.

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಸಡಿಲವಾಗಿರಲಿ, ತೆಳುವಾಗಿರಲಿ. ಬಿಗಿಯಾದ ಜೀನ್ಸ್ ಈ ಊರಿಗೆ ಶಿಕ್ಷೆ.

ಕುಡಿಯುವುದರಲ್ಲಿ ಒಂದು ಸೂಕ್ಷ್ಮವಿದೆ. ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಹೋದ ಉಪ್ಪು ತುಂಬಲು ಉಪ್ಪು ಹಾಕಿದ ಮಜ್ಜಿಗೆಯೋ ಗಂಜಿ ತಿಳಿಯೋ ವಾಸಿ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಉಪ್ಪಿನ ವಿಚಾರವನ್ನು ವೈದ್ಯರಲ್ಲಿ ಕೇಳಿಕೊಂಡೇ ಹೊರಡಬೇಕು.

ತುಂಬಾ ಬಳಲಿದಾಗ ಮೊಣಕೈವರೆಗೆ ಎರಡೂ ಕೈಗಳನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ಅದ್ದಿ ಕೂತರೆ ಮೈ ಬೇಗ ತಂಪಾಗುತ್ತದೆ. ಅಂಗೈ, ಬೆರಳುಗಳಲ್ಲಿ ಅಪಧಮನಿಯಿಂದ ನೇರ ಅಭಿಧಮನಿಗೆ ರಕ್ತ ದಾಟಿಸುವ ಒಳದಾರಿಗಳಿವೆ. ಸೆಖೆಯಲ್ಲಿ ಅವು ಅಗಲವಾಗಿ ತೆರೆದು, ಬಿಸಿ ರಕ್ತವನ್ನು ಹೇರಳವಾಗಿ ಕೈಗೆ ತರುತ್ತವೆ. ಬೆಂಕಿ ಆರಿಸುವ ಸಿಬ್ಬಂದಿಯೂ ದಣಿವಿನ ನಡುವೆ ಈ ಉಪಾಯ ಬಳಸುವುದುಂಟು. ಆದರೆ ಜೊತೆಗಿದ್ದವರು ತಡವರಿಸಿ ಮಾತಾಡತೊಡಗಿದರೆ, ದಿಕ್ಕು ತೋಚದಂತೆ ವರ್ತಿಸಿದರೆ ಇಂಥ ಉಪಾಯಗಳಿಗೆ ಕಾಯಬಾರದು. ಮೈಮೇಲೆಲ್ಲ ನೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.