ಚರ್ಮ ನೋಡುವವರು ಕೀಲನ್ನೂ ಕೇಳಲಿ

ಕುಷ್ಠರೋಗಿಗಳನ್ನು ಗುರುತಿಸುವ ಸಲುವಾಗಿ ಮನೆಮನೆಗೆ ತೆರಳಿ ಮೈಮೇಲಿನ ಮಚ್ಚೆಗಳನ್ನು ಪರೀಕ್ಷಿಸುವ ಅಭಿಯಾನ ದೇಶದಲ್ಲಿ 2016ರಿಂದ ನಡೆಯುತ್ತ ಬಂದಿದೆ. ಇಂತಹ ತಪಾಸಣೆಯಲ್ಲಿ ಸೋರಿಯಾಸಿಸ್ ಇರುವ ವ್ಯಕ್ತಿಗೆ ದೊರೆಯುವ ಉತ್ತರ ‘ಇದು ಕುಷ್ಠವಲ್ಲ, ಹೆದರಬೇಡಿ’ ಎಂಬುದು. ಸಮಾಧಾನದ ಮಾತೇ ಸರಿ. ಆದರೆ ಕಡತ ಅಲ್ಲಿಗೆ ಮುಚ್ಚಿಹೋಗುತ್ತದೆ. ಆ ವ್ಯಕ್ತಿಯ ಬೆರಳು ಊದಿದೆಯೇ, ಬೆಳಗ್ಗೆ ಏಳುವಾಗ ಕೀಲುಗಳು ಬಿಗಿದಿರುತ್ತವೆಯೇ ಎಂದು ವಿಚಾರಿಸುವುದು ಯಾರ ಕೆಲಸವೂ ಅಲ್ಲ.

ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಸೇವಾವಧಿಯ ಬಹುಭಾಗವನ್ನು ತುಮಕೂರು, ಗುಬ್ಬಿ, ಕುಣಿಗಲ್‌ಗಳ ಕಚೇರಿಗಳಲ್ಲಿ ಕಳೆದವನು. ಬರಗಾಲ ಮುನ್ಸೂಚನೆ ಕೊಡದೆ ಬರುತ್ತದೆಂದು ಸರ್ಕಾರಕ್ಕೆ ವರದಿ ಬರೆದವರಲ್ಲಿ ನಾನೂ ಒಬ್ಬ. ಈ ಕಾಯಿಲೆಯ ವಿಚಾರದಲ್ಲಿ ಆ ನೆಪಕ್ಕೆ ಅವಕಾಶವಿಲ್ಲ. ಸೋರಿಯಾಸಿಸ್ ಇರುವವರಲ್ಲಿ ಒಂದು ಭಾಗ ಜನರಿಗೆ ಕಾಲಕ್ರಮದಲ್ಲಿ ಸೋರಿಯಾಟಿಕ್ ಆರ್ಥ್ರೈಟಿಸ್ ಎಂಬ ಸಂಧಿವಾತ ತಗಲುತ್ತದೆ. ಅಂಥವರಲ್ಲಿ ಬಹುಪಾಲಿಗೆ ಚರ್ಮದ ತೊಂದರೆಯೇ ಮೊದಲು. ಕೀಲಿನದು ಸುಮಾರು ಹತ್ತು ವರ್ಷಗಳ ನಂತರ. ಫ್ರಾನ್ಸಿನ ವೈದ್ಯ ಅಲಿಬೇರ್ ಇವೆರಡರ ನಂಟನ್ನು ಗಮನಿಸಿದ್ದು 1818ರಲ್ಲಿ. ಹತ್ತು ವರ್ಷ ಮೊದಲೇ ನೋಟಿಸು ಜಾರಿ ಮಾಡಿ ಬರುವ ಕಾಯಿಲೆ ಇದು, ನೋಟಿಸನ್ನು ಓದುವವರಿಲ್ಲ.

ಗುಬ್ಬಿ ತಾಲ್ಲೂಕಿನಲ್ಲಿ ನನಗೆ ಪರಿಚಯದ ಕುಟುಂಬವೊಂದರ ಗೃಹಿಣಿ ಅಡಿಕೆ ಸುಲಿಯುವ ಕಾಲದಲ್ಲಿ ಕೂಲಿಗೆ ಹೋಗುತ್ತಿದ್ದವರು. ಮೊಣಕೈ ಮೇಲಿನ ಬಿಳಿ ಹೊಟ್ಟಿನ ಮಚ್ಚೆಗೆ ಒಬ್ಬ ವೈದ್ಯರಿಂದ ಮುಲಾಮು, ಬೆರಳ ನೋವಿಗೆ ಇನ್ನೊಬ್ಬರಿಂದ ಗುಳಿಗೆ. ಎರಡೂ ಚೀಟಿಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿದ್ದವು. ಅವನ್ನು ಒಟ್ಟಿಗೆ ಓದಿದವರಿರಲಿಲ್ಲ. ಉಗುರುಗಳ ಮೇಲೆ ಸೂಜಿಮೊನೆಯಷ್ಟು ಗುಳಿಗಳು ಬಿದ್ದಿದ್ದವು. ಅವು ಈ ಕಾಯಿಲೆಯ ಮುಖ್ಯ ಸುಳಿವು. ಅಡಿಕೆಯ ಚೊಗರಿನ ಕಪ್ಪಿನಲ್ಲಿ ಕಣ್ಣಿಗೇ ಬಿದ್ದಿರಲಿಲ್ಲ. ಎರಡೂ ಒಂದೇ ರೋಗವೆಂದು ತಿಳಿಯುವ ಹೊತ್ತಿಗೆ ನಾಲ್ಕು ವರ್ಷ ಕಳೆದು, ಬಲಗೈಯ ಎರಡು ಬೆರಳುಗಳು ಬಾಗಿಹೋಗಿದ್ದವು. ಅಡಿಕೆ ಸುಲಿತಕ್ಕೆ ಕೂಲಿ ಅಳತೆಯ ಮೇಲೆ. ಬೆರಳು ಮಡಚಲಾಗದವರಿಗೆ ಆ ಕೂಲಿಯೂ ಇಲ್ಲ.

ಇದು ಅಪರೂಪದ ಪ್ರಕರಣವೆಂದು ತಳ್ಳಿಹಾಕುವಂತಿಲ್ಲ. ಚಂಡೀಗಡದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು ಸೋರಿಯಾಸಿಸ್ ಇದ್ದ 1,149 ಮಂದಿಯನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರು ಜನರಿಗೆ, ಅಂದರೆ ಶೇ 8.7ರಷ್ಟು ಮಂದಿಗೆ, ಈ ಸಂಧಿವಾತ ಕಂಡುಬಂದಿತು. ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಮುಂದಿನ ಅಂಕಿ. ಆ ನೂರರಲ್ಲಿ 83 ಮಂದಿಗೆ ಕಾಯಿಲೆ ಪತ್ತೆಯಾದದ್ದು ಅದೇ ಮೊದಲು. ದೊಡ್ಡ ಆಸ್ಪತ್ರೆಯ ಚರ್ಮ ವಿಭಾಗದವರೆಗೆ ತಲುಪಿದವರ ಸ್ಥಿತಿಯೇ ಹೀಗಿದ್ದರೆ, ನಮ್ಮ ಹೋಬಳಿಗಳ ಮಾತೇನು?

ಒಂದು ಒರಟು ಲೆಕ್ಕ ಹಾಕಬಹುದು. ಭಾರತದಲ್ಲಿ ಸೋರಿಯಾಸಿಸ್ ಪ್ರಮಾಣವನ್ನು ವಿವಿಧ ಅಧ್ಯಯನಗಳು ಶೇ 0.44ರಿಂದ ಶೇ 2.8ರವರೆಗೆ ಅಂದಾಜಿಸಿವೆ. ಶೇ 1 ಎಂದೇ ಹಿಡಿದರೂ, 2011ರ ಜನಗಣತಿಯಂತೆ 26.8 ಲಕ್ಷ ಜನಸಂಖ್ಯೆಯ ತುಮಕೂರು ಜಿಲ್ಲೆಯಲ್ಲಿ ಇಂಥವರು ಇಪ್ಪತ್ತಾರು ಸಾವಿರ ಮೀರುತ್ತಾರೆ. ಚಂಡೀಗಡದ ಪ್ರಮಾಣವನ್ನು ಅನ್ವಯಿಸಿದರೆ ಸಂಧಿವಾತಕ್ಕೆ ತುತ್ತಾದವರು ಸುಮಾರು 2,300. ಆಸ್ಪತ್ರೆಯ ಲೆಕ್ಕ ಊರಿನ ಲೆಕ್ಕವಾಗದೆಂಬ ಆಕ್ಷೇಪ ನ್ಯಾಯವಾದುದೇ. ಅರ್ಧಕ್ಕೆ ಇಳಿಸಿ ನೋಡಿದರೂ ಸಾವಿರ ದಾಟುತ್ತದೆ.

ಈ ಜಿಲ್ಲೆಯಲ್ಲಿ ಕೀಲುನೋವಿಗೆ ಕಾರಣಗಳು ಹೇರಳವಾಗಿರುವುದೂ ಒಂದು ತೊಡಕು. 2006ರ ಚಿಕೂನ್‌ಗುನ್ಯ ಹಾವಳಿಯಲ್ಲಿ ತೀವ್ರವಾಗಿ ಬಳಲಿದ ಜಿಲ್ಲೆಗಳಲ್ಲಿ ತುಮಕೂರೂ ಒಂದು. ಅಂದಿನಿಂದ ಹಳ್ಳಿಗಳಲ್ಲಿ ಯಾವ ಕೀಲು ಹಿಡಿದರೂ ಅದು ‘ಚಿಕೂನ್‌ಗುನ್ಯದ ಶೇಷ’. ಪಾವಗಡ, ಶಿರಾ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ನೀರು ಮೂಳೆಗಳನ್ನು ಬಾಧಿಸುತ್ತ ಬಂದಿರುವುದು ಎಲ್ಲರಿಗೂ ಗೊತ್ತು. ಇವೆಲ್ಲದರ ನಡುವೆ ‘ಆರ್‌ಎ ಫ್ಯಾಕ್ಟರ್’ ಎಂಬ ರಕ್ತಪರೀಕ್ಷೆ ಮಾಡಿಸಿ, ನೆಗೆಟಿವ್ ಬಂದರೆ ‘ವಾತವಿಲ್ಲ’ ಎಂದು ಕಳುಹಿಸುವುದು ರೂಢಿ. ಸೋರಿಯಾಸಿಸ್ ಸಂಬಂಧದ ಸಂಧಿವಾತದಲ್ಲಿ ಆ ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಬರುತ್ತದೆ!

ಹಾಗಾದರೆ ಪತ್ತೆ ಹೇಗೆ? ಬ್ರಿಟನ್ನಿನಲ್ಲಿ 2009ರಲ್ಲಿ ಐದೇ ಪ್ರಶ್ನೆಗಳ ಒಂದು ಪಟ್ಟಿಯನ್ನು ರೂಪಿಸಲಾಯಿತು. ಕೀಲು ಎಂದಾದರೂ ಊದಿಕೊಂಡಿತ್ತೇ? ಸಂಧಿವಾತವಿದೆಯೆಂದು ವೈದ್ಯರು ಹೇಳಿದ್ದರೇ? ಉಗುರಿನಲ್ಲಿ ಗುಳಿಗಳಿವೆಯೇ? ಹಿಮ್ಮಡಿ ನೋಯುತ್ತಿತ್ತೇ? ಕಾರಣವಿಲ್ಲದೆ ಒಂದು ಬೆರಳು ಪೂರ್ತಿಯಾಗಿ ಊದಿ ನೋಯುತ್ತಿತ್ತೇ? ಮೂರಕ್ಕೆ ಹೌದೆಂದರೆ ಸಂಧಿವಾತ ತಜ್ಞರಲ್ಲಿಗೆ ಕಳುಹಿಸಬೇಕು. ಸೋರಿಯಾಸಿಸ್ ಇರುವ ಎಲ್ಲರನ್ನೂ ವರ್ಷಕ್ಕೊಮ್ಮೆ ಈ ದೃಷ್ಟಿಯಿಂದ ವಿಚಾರಿಸಬೇಕೆಂದು ಅಲ್ಲಿನ ಆರೋಗ್ಯ ಮಾರ್ಗಸೂಚಿ 2012ರಲ್ಲಿಯೇ ಹೇಳಿದೆ. ಯಂತ್ರ ಬೇಡ, ಟೆಂಡರ್ ಬೇಡ. ಟೆಂಡರ್ ಇಲ್ಲದಿರುವುದೇ ನಮ್ಮಲ್ಲಿ ಇದಕ್ಕೆ ಉತ್ಸಾಹವಿಲ್ಲದಿರಲು ಕಾರಣವೇನೋ.

ಪಟ್ಟಿಯನ್ನು ಹಾಗೆಯೇ ಅನುವಾದಿಸಿ ಸುತ್ತೋಲೆ ಹೊರಡಿಸಿದರೆ ಮಾತ್ರ ಪ್ರಯೋಜನವಾಗದು. ‘ವೈದ್ಯರು ಹೇಳಿದ್ದರೇ’ ಎಂಬ ಪ್ರಶ್ನೆಗೆ ನಮ್ಮಲ್ಲಿ ‘ವಾಯು ಅಂದಿದ್ರು’ ಎಂಬ ಉತ್ತರ ಬರುತ್ತದೆ. ಬರಿಗಾಲಿನಲ್ಲಿ ಹೊಲ ತುಳಿಯುವವರಲ್ಲಿ ಹಿಮ್ಮಡಿ ನೋಯದವರು ಯಾರು? ಆದ್ದರಿಂದ ನಮ್ಮ ಕಡೆ ಇನ್ನೊಂದು ಪ್ರಶ್ನೆ ಸೇರಲೇಬೇಕು: ನೋವು ಹೆಚ್ಚುವುದು ಬೆಳಗ್ಗೆಯೋ, ಸಂಜೆಯೋ? ದುಡಿತದಿಂದ ಸವೆದ ಕೀಲು ಸಂಜೆಗೆ ನೋಯುತ್ತದೆ, ವಿಶ್ರಾಂತಿಯಿಂದ ಇಳಿಯುತ್ತದೆ. ಉರಿಯೂತದ ಕೀಲು ಬೆಳಗ್ಗೆ ಬಿಗಿದಿದ್ದು, ಕೆಲಸ ಮಾಡಿದಂತೆ ಸಡಿಲಗೊಳ್ಳುತ್ತದೆ. ಮಂಡಿ ಹಿಡಿದ ರೈತನಿಗೆ ಈ ವ್ಯತ್ಯಾಸ ಯಾವ ಎಕ್ಸ್‌ರೇಗಿಂತ ಚೆನ್ನಾಗಿ ಗೊತ್ತಿರುತ್ತದೆ; ಕೇಳಬೇಕಷ್ಟೆ.

ಕೇಳುವವರು ಯಾರು ಎಂಬುದು ಆಡಳಿತದ ಪ್ರಶ್ನೆ. ಆಶಾ ಕಾರ್ಯಕರ್ತೆಯರ ನಮೂನೆಗೆ ಇನ್ನೊಂದು ಕಾಲಂ ಸೇರಿಸುವ ಸಲಹೆ ತಕ್ಷಣ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಹೊರೆ ಮಿತಿಮೀರಿದಾಗ ನಮೂನೆಗಳು ಒಂದೇ ಮಧ್ಯಾಹ್ನದಲ್ಲಿ ಒಂದೇ ಪೆನ್ನಿನಲ್ಲಿ ತುಂಬಿ ಬರುವುದನ್ನು ನಾನು ಸಾಕಷ್ಟು ಕಂಡಿದ್ದೇನೆ. ರೋಗಿ ಚರ್ಮದ ತೊಂದರೆಗೆಂದು ತಾನಾಗಿ ಬಂದು ಸರತಿಯಲ್ಲಿ ಕೂರುವ ಜಾಗವಿದೆಯಲ್ಲ, ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಹೊರರೋಗಿ ವಿಭಾಗ, ಅಲ್ಲಿ ಶುಶ್ರೂಷಕಿಯೊಬ್ಬರು ಎರಡು ನಿಮಿಷ ವಿಚಾರಿಸಿ ಚೀಟಿಯ ಮೇಲೆ ಅಂಕಿ ಬರೆದರೆ ಸಾಕು. ಮೂಳೆ ವಿಭಾಗದವರೂ ನೆತ್ತಿ, ಕಿವಿಯ ಹಿಂಭಾಗ, ಹೊಕ್ಕುಳನ್ನೊಮ್ಮೆ ನೋಡಲಿ. ಸೋರಿಯಾಸಿಸ್ ಅಡಗುವುದು ಅಲ್ಲಿಯೇ.

ಪತ್ತೆಯಾದವರನ್ನು ಕಳುಹಿಸುವುದೆಲ್ಲಿಗೆ ಎಂಬುದಕ್ಕೆ ಮೊದಲೇ ಉತ್ತರವಿರಬೇಕು. ಚಿಕಿತ್ಸೆಯ ದಾರಿ ತೋರದ ತಪಾಸಣೆ ಕ್ರೌರ್ಯ. ಆರು ತಿಂಗಳ ವಿಳಂಬವೂ ಕೀಲಿನ ಸವೆತಕ್ಕೆ, ಚಲನೆಯ ಕುಂದಿಗೆ ತಳಕು ಹಾಕಿಕೊಂಡಿರುವುದನ್ನು ಐರ್ಲೆಂಡಿನ ವೈದ್ಯರು 2015ರಲ್ಲಿ ತೋರಿಸಿದ್ದಾರೆ. ಆದರೆ ಸಂಧಿವಾತ ತಜ್ಞರು ಹೆಚ್ಚಾಗಿರುವುದು ಬೆಂಗಳೂರಿನಲ್ಲಿ. ಗುಬ್ಬಿಯವರಿಗೆ ತುಮಕೂರು ಇಪ್ಪತ್ತು ಕಿಲೋಮೀಟರ್; ತಿಂಗಳಿಗೊಂದು ದಿನ ತಜ್ಞರು ಜಿಲ್ಲಾಸ್ಪತ್ರೆಗೆ ಬಂದರೆ ಅವರ ಸಮಸ್ಯೆ ಬಗೆಹರಿಯುತ್ತದೆ. ಕುಣಿಗಲ್ಲಿನವರ ಓಡಾಟ ಬೇರೆ ತೆರನಾದುದು. ಹೆದ್ದಾರಿಯ ಬಸ್ಸು, 2017ರಿಂದ ಹಾಸನ ಮಾರ್ಗದ ರೈಲು ಅವರನ್ನು ನೇರವಾಗಿ ಬೆಂಗಳೂರಿಗೇ ಒಯ್ಯುತ್ತವೆ. ಅವರನ್ನು ಜಿಲ್ಲಾ ಕೇಂದ್ರಕ್ಕೇ ಬನ್ನಿ ಎಂದು ಕಟ್ಟಿಹಾಕದೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗೆ ಪತ್ರ ಕೊಡಬೇಕು, ಇಲ್ಲವೇ ಇ-ಸಂಜೀವಿನಿ ದೂರವೈದ್ಯ ಸೇವೆಯನ್ನು ಬಳಸಬೇಕು.

ವೆಚ್ಚದ ಭಯ ಅರ್ಧ ಸತ್ಯ. ಜೈವಿಕ ಚುಚ್ಚುಮದ್ದುಗಳ ಪೈಕಿ ಅಡಾಲಿಮುಮ್ಯಾಬ್‌ನ ದೇಶೀಯ ರೂಪ 2014ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು ಬೆಲೆ ಇಳಿದರೂ ಅವು ಕೂಲಿಕಾರರ ಕೈಗೆ ಎಟುಕುವಂಥವಲ್ಲ. ಆದರೆ ಅನೇಕರಿಗೆ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ಅಗ್ಗದ ಗುಳಿಗೆ, ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿಯೂ ಇದೆ. ಅದಕ್ಕೆ ಆಗಾಗ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಬೇಕು, ಗರ್ಭಿಣಿಯರಿಗೆ ಕೊಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ನುಂಗಬೇಕಾದುದು ವಾರಕ್ಕೊಮ್ಮೆ. ದಿನನಿತ್ಯದ ಗುಳಿಗೆಯೆಂದು ತಿಳಿದು ನುಂಗಿದವರು ಪ್ರಾಣಾಪಾಯಕ್ಕೆ ಸಿಲುಕಿದ್ದುಂಟು. ‘ವಾರಕ್ಕೆ ಒಂದು ಬಾರಿ’ ಎಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಗೀಚುವ ಬದಲು, ಔಷಧ ವಿತರಕರು ‘ನಿಮ್ಮೂರ ಸಂತೆಯ ದಿನ ಮಾತ್ರ’ ಎಂದು ಕನ್ನಡದಲ್ಲಿ ಆ ಪೊಟ್ಟಣದ ಮೇಲೆ ಬರೆದುಕೊಡಲಿ.