ಕಚೇರಿಯ ಗಣಕಯಂತ್ರಗಳಿಗೆ ಒಂದೇ ಕಟ್ಟಳೆ

ದೇಶದ ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಗಣಕಯಂತ್ರಗಳನ್ನು ಬಳಕೆಗೆ ತರುವ ಯೋಜನೆಗೆ ಕೇಂದ್ರ ಸರ್ಕಾರವು ೨೦೨೨ನೆಯ ಇಸವಿಯಲ್ಲಿ ಮಂಜೂರಾತಿ ಕೊಟ್ಟಿತು. ಆದರೆ ಯಂತ್ರಗಳನ್ನು ಕೊಂಡುಕೊಂಡ ಮಾತ್ರಕ್ಕೆ ಕೆಲಸವು ಮುಗಿಯುವುದಿಲ್ಲ. ಪಾಸ್‌ವರ್ಡ್ ಎಲ್ಲರಿಗೂ ತಿಳಿದಿದ್ದು, ಹೊರಗಿನ ಪೆನ್ ಡ್ರೈವನ್ನು ಯಾರು ಬೇಕಾದರೂ ಸಿಕ್ಕಿಸುವಂತಿದ್ದರೆ, ರೈತರ ಸಾಲದ ಲೆಕ್ಕವು ಬೀಗವಿಲ್ಲದ ಕಣಜದಂತಾಗುವುದು. ಆದುದರಿಂದ ಸಂಘಗಳ ಆಡಳಿತ ಮಂಡಲಿಗಳಲ್ಲಿರುವ ಗ್ರಾಮ ಮುಖಂಡರೂ ಭೂಮಾಲೀಕರೂ ಈ ವಿಷಯದಲ್ಲಿ ಲಕ್ಷ್ಯವಿಡತಕ್ಕದ್ದು.

ಹಲವು ಯಂತ್ರಗಳಿರುವ ಕಡೆ ಒಂದೊಂದರಲ್ಲಿಯೂ ಬೇರೆಬೇರೆಯಾಗಿ ನಿಯಮಗಳನ್ನು ಏರ್ಪಡಿಸುತ್ತ ಹೋದರೆ ಯಾವುದಾದರೊಂದು ತಪ್ಪಿಹೋಗುವುದು. ಇದರ ನಿವಾರಣೆಗಾಗಿ ಮೈಕ್ರೋಸಾಫ್ಟ್ ಕಂಪೆನಿಯವರು ವಿಂಡೋಸ್ ೨೦೦೦ರೊಡನೆ ‘ಗ್ರೂಪ್ ಪಾಲಿಸಿ’ ಎಂಬ ಏರ್ಪಾಡನ್ನು ತಂದರು. ಒಂದೇ ಆಡಳಿತಕ್ಕೆ ಒಳಪಟ್ಟ ಯಂತ್ರಗಳ ಮತ್ತು ಬಳಕೆದಾರರ ಸಮೂಹಕ್ಕೆ ಡೊಮೇನ್ ಎಂದು ಹೆಸರು. ಅದರ ಸರ್ವರಿನಲ್ಲಿ ಒಮ್ಮೆ ಬರೆದಿಟ್ಟ ನಿಯಮವನ್ನು ಯಂತ್ರಗಳು ಆರಂಭವಾಗುವಾಗಲೂ, ಬಳಿಕ ಸಾಮಾನ್ಯವಾಗಿ ೯೦ರಿಂದ ೧೨೦ ನಿಮಿಷಗಳಿಗೊಮ್ಮೆಯೂ ತಾವಾಗಿಯೇ ತರಿಸಿಕೊಳ್ಳುವುವು.

ಮೊದಲು ಯಂತ್ರದ ಸ್ವಂತ ನಿಯಮವೂ, ಆಮೇಲೆ ಕ್ರಮವಾಗಿ ಸ್ಥಳದ, ಡೊಮೇನಿನ, ವಿಭಾಗದ ನಿಯಮಗಳೂ ಅನ್ವಯಿಸುವುವು. ಪರಸ್ಪರ ವಿರೋಧವುಂಟಾದರೆ ಸಾಧಾರಣವಾಗಿ ಕಡೆಯದೇ ನಿಲ್ಲುವುದು. ನಿಯಮಗಳು ಹೆಚ್ಚಿದಷ್ಟೂ ಯಾವುದು ನಡೆಯುತ್ತಿದೆಯೆಂದು ತಿಳಿಯುವುದು ಕಷ್ಟ. ಆದ್ದರಿಂದ ಈ ಕೆಳಗಿನಂತೆ ನಡೆಯುವುದು ಮೇಲು:

೧. ಎಲ್ಲರಿಗೂ ಸಮಾನವಾದ ನಿಯಮಗಳನ್ನು ಡೊಮೇನಿನ ಮಟ್ಟದಲ್ಲಿಯೇ ಇಡಬೇಕು. ಪಾಸ್‌ವರ್ಡಿನ ನಿಯಮವನ್ನು ವಿಭಾಗದ ಮಟ್ಟದಲ್ಲಿ ಬರೆದರೆ ಅದು ಡೊಮೇನಿನ ಖಾತೆಗಳಿಗೆ ತಗಲುವುದಿಲ್ಲ.

೨. ನಗದು, ಉಗ್ರಾಣ ಮುಂತಾಗಿ ಕೆಲಸವು ನಿಜವಾಗಿ ಭಿನ್ನವಾಗಿರುವಲ್ಲಿ ಮಾತ್ರ ಪ್ರತ್ಯೇಕ ವಿಭಾಗಗಳನ್ನು ಮಾಡಬೇಕು. ಪ್ರತಿಯೊಂದು ನಿಯಮಕ್ಕೂ ಉದ್ದೇಶವನ್ನು ತಿಳಿಸುವ ಹೆಸರಿರಲಿ.

೩. ಮೇಲಿನ ನಿಯಮವನ್ನು ತಡೆಯುವ, ಅಥವಾ ಬಲವಂತವಾಗಿ ಹೇರುವ ಸೌಲಭ್ಯಗಳನ್ನು ಅಪರೂಪವಾಗಿ ಉಪಯೋಗಿಸಬೇಕು.

೪. ಹೊಸ ಬಿತ್ತನೆಯನ್ನು ಒಂದು ಮಡಿಯಲ್ಲಿ ಹಾಕಿ ನೋಡುವಂತೆ, ಹೊಸ ನಿಯಮವನ್ನು ಮೊದಲು ಒಂದು ಯಂತ್ರದಲ್ಲಿ ಪರೀಕ್ಷಿಸಬೇಕು. ಯಾವ ನಿಯಮವು ಎಲ್ಲಿಂದ ಬಂದಿತೆಂಬುದನ್ನು ತೋರಿಸುವ ವರದಿಯನ್ನು ಈ ಏರ್ಪಾಡಿನಲ್ಲಿಯೇ ಪಡೆಯಬಹುದು.

ಖರೀದಿಗೆ ಮುಂಚೆ ಇನ್ನೊಂದು ಮಾತನ್ನು ನೆನಪಿಡಬೇಕು. ‘ಹೋಮ್’ ಬಗೆಯ ವಿಂಡೋಸ್ ಇರುವ ಯಂತ್ರವು ಡೊಮೇನಿಗೆ ಸೇರಲಾರದು. ‘ಪ್ರೊ’ ಬಗೆಯದು ಸೇರುವುದು. ಎರಡು ಮೂರು ಯಂತ್ರಗಳು ಮಾತ್ರವೇ ಇರುವ ಸಂಘವು ಈ ಕೆಲಸಕ್ಕೆಂದೇ ಸರ್ವರಿನ ವೆಚ್ಚಕ್ಕೆ ಹೋಗಬೇಕಾಗಿಲ್ಲ; ‘ಪ್ರೊ’ ಯಂತ್ರಗಳ ಸ್ವಂತ ನಿಯಮಗಳನ್ನು ಒಂದೇ ಪಟ್ಟಿಯಂತೆ ಏರ್ಪಡಿಸಿದರೆ ಸಾಕು.

ಕಟ್ಟಳೆಗಳನ್ನು ಒಂದು ಹಾಳೆಯಲ್ಲಿ ಬರೆಯಿಸಿ, ಮಂಡಲಿಯ ಸಭೆಯಲ್ಲಿ ಓದಿಸಿ ಒಪ್ಪಿಗೆ ಕೊಟ್ಟು, ಆಮೇಲೆ ಯಂತ್ರಗಳಿಗೆ ಅನ್ವಯಿಸುವುದು ಕ್ರಮ. ಸಾಲದ ಲೆಕ್ಕದ ಹೊಣೆಯು ಯಂತ್ರವನ್ನು ಮಾರಿದವನದಲ್ಲ, ಮಂಡಲಿಯದೇ ಆಗಿರುವುದು.